ಮೂರು ಬೆರಳಿನ ಬಾಯಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ರಾಯದುರ್ಗದ ಜೀನ್ಸ್ ಯೂನಿಟ್ಟಿನ ನಮ್ಮ ಕಟಿಂಗ್ ಮಾಸ್ತರರು. ನನಗೆ ಹೇಳಲಿಲ್ಲ, ಪಕ್ಕದ ಮಿಷನ್ನಿನಲ್ಲಿ ಕೂತಿದ್ದ ಅವ್ವನಿಗೆ ಹೇಳಿದರು.

“ಯಾಕವ್ವ, ನಿನ್ನ ಮಗಳಿಗೆ ಬಾಯಿ ತೆರ್ಯಾಕ ಬರಂಗಿಲ್ಲ, ಸಾಲು ನೆಟ್ಟಗ ಹೊಲ್ಯಾಕ ಆಗಂಗಿಲ್ಲ. ಡಿಗ್ರಿ ಹೆಂಗ ಮಾಡ್ತಾಳ? ಬಾಯಿಪಾಠ ನೀನ ಮಾಡಿಕೊಡ್ತಿಯೇನು?”

ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ದವಡೆ ಟಕ್ಕೆಂದು ಅರ್ಧಕ್ಕೆ ನಿಂತಿತು.

ನಾವು ಮಡಕಶಿರದಾಚೆ ರೊಳ್ಳದ ಕಡೆಯವರು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ಹೊಲಿಗೆ ಕೆಲಸಕ್ಕೆಂದು ರಾಯದುರ್ಗಕ್ಕೆ ಬಂದ ಮೇಲೆ ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಮಿಷನ್ನು. ಪೀಸಿನ ಕೆಲಸ, ಹೊಲಿದಷ್ಟಕ್ಕೇ ಕೂಲಿ, ಎರಡೂ ಕೈ ಬಟ್ಟೆಯ ಮೇಲಿಂದ ಏಳಬಾರದು. ನೂಲು ಕತ್ತರಿಸುವ ಸಣ್ಣ ಕಟ್ಟರ್ ಪ್ರತಿ ಮಿಷನ್ನಿಗೂ ತೂಗುಬಿದ್ದಿರುತ್ತಿತ್ತು, ಮುಟ್ಟುವವರಿರಲಿಲ್ಲ. ಹೊಲಿಗೆ ಮುಗಿದ ಕಡೆ ತಲೆ ಬಗ್ಗಿಸಿ, ದಪ್ಪ ನೂಲನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು. ಅವ್ವನೇ ಕಲಿಸಿದ್ದು. “ಕಟ್ಟರ್ ಹುಡುಕ್ತಾ ಕೂತ್ರೆ ಬಂಡಲ್ ಎಂಗೆ ಮುಗೀತೈತೆ? ದೇವ್ರು ಹಲ್ಲು ಯಾಕೆ ಕೊಟ್ಟವ್ನೆ?”

ಡಿಗ್ರಿಯ ಎರಡನೇ ವರ್ಷದಲ್ಲಿ ಕಿವಿ ನೋಯತೊಡಗಿತು. ಕಿವಿಗೆ ಔಷಧಿ ಬಿಟ್ಟೆವು, ಬಿಸಿ ಎಣ್ಣೆ ಬಿಟ್ಟೆವು. ನೋವು ಕಿವಿಯಿಂದ ಕಪಾಲಕ್ಕೆ ಏರಿತು. ಜೋಳದ ರೊಟ್ಟಿ ಅಗಿಯಲು ಆಗದೆ ಸಾರಿನಲ್ಲಿ ನೆನೆಸಿ ತಿಂದೆ. ನಮ್ಮ ಕಡೆಯ ಮುದ್ದೆಯೇ ನನ್ನನ್ನು ಉಳಿಸಿತು, ಅದನ್ನು ಅಗಿಯುವಂತಿಲ್ಲವಲ್ಲ. ಮಿಷನ್ ಓಡುವಾಗ ಅದರ ನಡುಕ ಮೇಜಿನಿಂದ ಮೊಣಕೈಗೆ, ಅಲ್ಲಿಂದ ದವಡೆಗೆ ಬರುತ್ತಿತ್ತು. ಸಂಜೆಯ ಹೊತ್ತಿಗೆ ತಲೆನೋವಿಗೆ ಕಣ್ಣು ಕತ್ತಲೆಗಟ್ಟಿ ಜೇಬಿನ ಸಾಲು ಸೊಟ್ಟಗಾಗುತ್ತಿತ್ತು. ಮಾಸ್ತರರು ಬಂಡಲ್ ವಾಪಸ್ ಕಳಿಸಿದರು, ಆಮೇಲೆ ಮಿಷನ್ನಿನಿಂದಲೇ ಎಬ್ಬಿಸಿ ನೂಲಿನ ತುದಿ ಕತ್ತರಿಸಲು ಕೂರಿಸಿದರು. ಕೈ ಸರಿಯಿತ್ತು, ಕಾಲು ಸರಿಯಿತ್ತು. ಕಿವಿಯ ಮುಂದಿನ ಬೆರಳ ತುದಿಯಷ್ಟು ಕೀಲು ಇಡೀ ಹೆಂಗಸನ್ನು ಕೆಲಸದಿಂದ ಎಬ್ಬಿಸಬಲ್ಲದು ಎಂಬುದನ್ನು ನನಗೆ ನಂಬಲಾಗಲಿಲ್ಲ.

ಕೊನೆಗೆ ಹಲ್ಲಿನ ಡಾಕ್ಟರಮ್ಮನ ಬಳಿ ಹೋದೆ. ನನ್ನ ಮುಂದಿನ ಹಲ್ಲು ನೋಡಿದ ಕೂಡಲೇ ಕೇಳಿದರು: “ಎಷ್ಟು ವರ್ಷ ಆತಮ್ಮ ನೂಲು ಕಚ್ಚಾಕ ಹತ್ತಿ?” ನಾನು ಹೊಲಿಯುವವಳೆಂದು ಹೇಳಿಯೇ ಇರಲಿಲ್ಲ! ಕನ್ನಡಿ ಕೊಟ್ಟರು. ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು, ಹಗ್ಗ ಓಡಾಡಿದ ಬಾವಿಕಟ್ಟೆಯ ಕಲ್ಲಿನಂತೆ. ನೋವು ಕಿವಿಯದಲ್ಲ, ದವಡೆಯ ಕೀಲಿನದು ಎಂದರು. ದವಡೆ ಸರಿಯಿದ್ದರೆ ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕಂತೆ. ನನಗೆ ಒಂದೂವರೆ ಹಿಡಿಸಿತು. ಬಿಸಿ ಬಟ್ಟೆಯ ಶಾಖ, ದಿನಕ್ಕಿಷ್ಟು ಬಾರಿ ಬಾಯಿ ತೆರೆಯುವ ಅಭ್ಯಾಸ ಹೇಳಿದರು. ನೂಲು ಕಚ್ಚುವುದು ಬಂದ್.

ಕೊನೆಯ ವರ್ಷ ಕಾಲೇಜಿನಲ್ಲಿ ಜನರ ನಡುವೆ ಹೋಗಿ ಪ್ರಾಜೆಕ್ಟ್ ಮಾಡಬೇಕಿತ್ತು. ಕೊನೆಗೆ ಹೊರಗಿನ ಪರೀಕ್ಷಕರ ಮುಂದೆ ಬಾಯಿ ಬಿಟ್ಟು ಹೇಳಬೇಕು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿಯಿಲ್ಲ. ನಾನು ದವಡೆಯ ವಿಷಯವನ್ನೇ ಆರಿಸಿಕೊಂಡು ನಮ್ಮ ಓಣಿಗೆ ಹೋದೆ. ಅಲ್ಲಿ ಪಡಸಾಲೆಗೊಂದು ಮಿಷನ್ನು.

“ಬಾಯಾಗ ಬೆರಳಿಡಾಕ ಡಿಗ್ರಿ ಓದಬೇಕೇನ ನಮ್ಮವ್ವ?” ಎಂದು ಹೆಂಗಸರು ಬಿದ್ದುಬಿದ್ದು ನಕ್ಕರು. ಆಟವೆಂದೇ ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಿದರು. ನಗು ನಿಂತಿತು. ಒಬ್ಬರಾದ ಮೇಲೊಬ್ಬರಿಗೆ ಎರಡೇ ಬೆರಳು.

ವಯಸ್ಸಾದ ಒಬ್ಬಾಕೆ ಹೇಳಿದಳು: “ಆಕಳಿಕೆ ಬಂದ್ರ ನಾ ಗದ್ದ ಗಟ್ಟಿ ಹಿಡ್ಕೊಂತೀನ್ರಿ, ಇಲ್ಲಂದ್ರ ಸಿಕ್ಕೊಂತೈತಿ. ಎಲ್ಲಾರ್ಗೂ ಹಂಗ ಅಂತ ತಿಳ್ಕಂಡಿದ್ದೆ.”

ಬಾಗಿಲ ಬಳಿ ನಿಂತಿದ್ದ ಅವ್ವ ಮುಖ ತಿರುಗಿಸಿ ತನ್ನ ಬಾಯಿಗೂ ಬೆರಳಿಟ್ಟುಕೊಂಡಳು. ಎರಡು. ಮೂರನೆಯದು ತುಟಿಯ ಹೊರಗೇ ಉಳಿಯಿತು. ಪಕ್ಕದ ಮಿಷನ್ನಿನಲ್ಲೇ ಇದ್ದ ನನಗೆ ಅದು ಗೊತ್ತಿರಲಿಲ್ಲ.

“ಯಾಕವ್ವ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಕೆಲ್ಸ ನಡೀತಿತ್ತಲ್ಲ.”

ಆ ಓಣಿಯಲ್ಲಿ ನಿಂತು ನನಗಾದ ಬೆರಗು ಇಂದಿಗೂ ಇಳಿದಿಲ್ಲ. ಇಷ್ಟು ನೋವನ್ನು ಹಲ್ಲುಕಚ್ಚಿ ಹಿಡಿದುಕೊಂಡು ಈ ಹೆಂಗಸರು ಊರೂರಿಗೆ ಪ್ಯಾಂಟು ಹೊಲಿದು ಕಳಿಸಿದ್ದರು.

ಪರೀಕ್ಷಕರು ಬಂದ ದಿನ ನನ್ನ ದವಡೆ ಬೆಳಗ್ಗೆಯೇ ಹಿಡಿದಿತ್ತು. ಎದ್ದು ನಿಂತೆ, ಮಾತು ಹೊರಡಲಿಲ್ಲ. ನಾಲಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ, ಡಾಕ್ಟರಮ್ಮ ಕಲಿಸಿದಂತೆ ಮೆಲ್ಲಗೆ ಉಸಿರು ಬಿಟ್ಟೆ. ಎಷ್ಟು ಸಂದು ಸಿಕ್ಕಿತೋ ಅಷ್ಟರಲ್ಲೇ, ನಮ್ಮ ಕಾಲೇಜಿನ ಭಾಷೆಯಾದ ತೆಲುಗಿನಲ್ಲಿ ಶುರುಮಾಡಿದೆ: “ಸಾರ್, ನಾನು ಹೇಳಬೇಕಾದದ್ದು ಈಗ ನಿಮ್ಮ ಕಣ್ಣೆದುರಿಗೇ ಇದೆ.” ಆಮೇಲೆ ಓಣಿಯ ಮನೆಮನೆಯ ಮಾತನ್ನೂ ಹೇಳಿದೆ. ಶಬ್ದಗಳು ಹಲ್ಲಿಗೆ ಸಿಕ್ಕಿ ಮುರಿದವು. ಮುರಿದದ್ದನ್ನು ಇನ್ನೊಮ್ಮೆ ಹೇಳಿದೆ. ನಡುವೆ ನೋಡುತ್ತೇನೆ, ಪರೀಕ್ಷಕರು ಪೆನ್ನು ಕೆಳಗಿಟ್ಟು ತಮ್ಮ ಬಾಯಿಗೆ ಮೂರು ಬೆರಳು ಹಿಡಿದಿದ್ದಾರೆ! ನಾನು ಪಾಸಾದೆ.

ಸರ್ಟಿಫಿಕೇಟ್ ತರುವ ದಿನ ಅವ್ವನೂ ಕಾಲೇಜಿಗೆ ಬಂದಳು. ಆಫೀಸಿನವರು ಸಹಿ ಹಾಕಿಸಿಕೊಂಡು ನನಗೆ ಕೊಟ್ಟರು, ನಾನು ಅವಳಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಅಕ್ಷರದ ಮೇಲೆ ಬೆರಳಾಡಿಸಿ ನನಗೇ ವಾಪಸ್ ಚಾಚಿದಳು.

“ಇದ್ರಾಗೆ ಬರ್ದಿರೋದೆಲ್ಲ ಓದವ್ವ, ಕೇಳ್ತೀನಿ. ನಿಧಾನಕ್ಕೆ ಓದು. ಇವತ್ತು ನಾನೇನೂ ಹೊಲಿಯಕ್ಕೆ ಹೋಗಲ್ಲ.”