ಎಡೆಗಿಟ್ಟ ಆಂಪ್ಲಿಫೈಯರ್

ನಮ್ಮಪ್ಪ ನನಗೆ ಸಂಬಂಧ ನೋಡಿ ಬಂದ ದಿನ ಅಮ್ಮನಿಗೆ ಹೇಳಿದ್ದು ಒಂದೇ ಮಾತು: ಹುಡುಗ ಬಹಳ ಸಾಧು. ಸಾಧುವಂತೆ! ಸಾಧು ಗಂಡನ ಜೊತೆ ಸಂಸಾರ ಮಾಡುವ ಸಂಕಟ ಮಾಡಿದವಳಿಗೇ ಗೊತ್ತು. ನನ್ನ ಗಂಡ ಥುವನ್ ಸೈಗಾನಿನ ನಮ್ಮ ಗಲ್ಲಿಯ ತಿರುವಿನಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು ಕೂರುತ್ತಾರೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಸೊಂಟ ಬಿಡಿಸುವುದು. ಊಟಕ್ಕೆ ಕೂತಾಗ ಗಿರಾಕಿ ಕೂಗಿದರೆ ಅನ್ನದ ಬಟ್ಟಲು ಬಿಟ್ಟು ಎದ್ದು ಹೋಗುತ್ತಾರೆ. ಪಕ್ಕದ ಮನೆಯವರು ಸ್ಕೂಟರನ್ನು ನಮ್ಮ ಬಾಗಿಲಿಗೇ ಒರಗಿಸಿದರೆ ಅಡ್ಡಡ್ಡ ನುಸುಳಿಕೊಂಡು ಮನೆಯೊಳಗೆ ಬರುತ್ತಾರೆ. ನಾನು ಬಾಯಿ ತೆಗೆದರೆ, 'ಬಿಡು ಲಾಯ್, ಅವರಿಗೂ ಜಾಗ ಬೇಕಲ್ಲ' ಎನ್ನುತ್ತಾರೆ.

ಅಂಥವರು ತಮಗಾಗಿ ಎಂದು ಆಸೆಪಟ್ಟಿದ್ದು ಒಂದೇ ವಸ್ತು. ಹಳೆಯ ಜಪಾನಿ ಆಂಪ್ಲಿಫೈಯರ್.

ಭಾನುವಾರ ಬಂತೆಂದರೆ ನ್ಯಾತ್ ತಾವ್ ಪೇಟೆಗೆ ಹೋಗಿಬಿಡುತ್ತಿದ್ದರು. ಜಪಾನಿನವರು ಬೇಡವೆಂದು ಬಿಸಾಡಿದ ಸಂಗೀತದ ಸಾಮಾನೆಲ್ಲ ಹಡಗಿನಲ್ಲಿ ಬಂದು ಅಲ್ಲಿ ರಾಶಿ ಬೀಳುತ್ತದೆ. ನಮ್ಮವರು ಒಂದೊಂದನ್ನೂ ಎತ್ತಿ ತೂಕ ನೋಡಿ, ಹಲಸಿನ ಹಣ್ಣು ಮೂಸಿದ ಹಾಗೆ ಅದರ ಬೆನ್ನು ಮೂಸಿ, ಮತ್ತೆ ಅಲ್ಲೇ ಇಟ್ಟು ಬರಿಗೈಯಲ್ಲಿ ಬರುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು. ಕೊನೆಗೆ ನನಗೇ ತಡೆಯಲಾಗದೆ, ಹೊಸ ವರ್ಷದ ಹಬ್ಬಕ್ಕೆಂದು ಎತ್ತಿಟ್ಟಿದ್ದ ದುಡ್ಡು ತೆಗೆದುಕೊಂಡು ಜೊತೆಗೆ ಹೋದೆ. ಅಂಗಡಿಯ ಮುದುಕ ನ್ಯಾನ್ ನನ್ನನ್ನು ನೋಡಿದ್ದೇ ಒಂದು ಆಂಪ್ಲಿಫೈಯರಿನ ತಲೆ ತಟ್ಟಿ ನಕ್ಕ.

"ಅಂತೂ ಬಂದ್ಯಲ್ಲಮ್ಮ! ನಿನ್ನ ಯಜಮಾನ ನೋಡಿ ನೋಡಿ ಇದರ ಬಣ್ಣಾನೇ ಸವೆದು ಹೋಯ್ತು. ಇಬ್ಬರನ್ನೂ ಕರ್ಕೊಂಡು ಹೋಗು ಅತ್ತ."

"ಒಳಗೆ ಸುಟ್ಟಿದ್ರೆ?"

"ಸ್ಕ್ರೂ ನೋಡು, ಯಾರ ಕೈಯೂ ತಗುಲಿಲ್ಲ. ಒಳಗಿರೋ ಚಿಪ್ಪೆಲ್ಲ ಹುಟ್ಟಿನಿಂದ ಬಂದಿದ್ದೇ."

ಆ ಪೇಟೆಯಲ್ಲಿ ಟ್ರಾನ್ಸಿಸ್ಟರಿಗೆ ಚಿಪ್ಪು ಎನ್ನುತ್ತಾರೆ; ನಾವು ಬೇಯಿಸಿ ತಿನ್ನುವ ಕಡಲ ಚಿಪ್ಪಿನ ಹೆಸರೇ. ದನಿಯ ಜೀವವೆಲ್ಲ ಅದರಲ್ಲೇ ಇರುವುದಂತೆ. "ಆದ್ರೆ ಒಂದು ಮಾತು," ಎಂದ ಮುದುಕ. "ಜೋರು ಮಾಡಿ ಅದನ್ನ ಸುಟ್ಕೊಂಡ್ರೆ ನನ್ನ ಹತ್ರ ಬರಬೇಡಿ. ಅಂಥ ಚಿಪ್ಪು ಈಗ ಯಾರೂ ಮಾಡಲ್ಲ."

ಕೊಂಡು ತಂದ ಮೇಲೆ, ಮಧ್ಯಾಹ್ನ ಗಲ್ಲಿಯೆಲ್ಲ ಮಲಗಿರುವ ಹೊತ್ತಿನಲ್ಲಿ ನಮ್ಮವರು ಅದನ್ನು ಹಚ್ಚುತ್ತಿದ್ದರು. ನೀಲಿ ದೀಪದ ಕಿಟಕಿಯೊಳಗೆ ಎರಡು ಮುಳ್ಳು ಮೆಲ್ಲಗೆ ಆಡುತ್ತಿದ್ದವು. ಹಳೆಯ ಕ್ಯಾಸೆಟ್ಟಿನಲ್ಲಿ ಒಬ್ಬಳು ಹೆಂಗಸು, ಒಂದು ಗಿಟಾರು, ಅಷ್ಟೇ. ದನಿ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

"ಕೇಳ್ಸಿತಾ ಲಾಯ್? ಸಾಲು ಮುಗಿಸಿ ಅವಳು ಉಸಿರು ಎಳ್ಕೊಂಡಳು."

ಕೇಳಿಸಿತು. ನನಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಯಾರೋ ನಮ್ಮ ಚಾಪೆಯ ಮೇಲೇ ಕೂತು ಹಾಡುತ್ತಿರುವ ಹಾಗಿತ್ತು. ಅಷ್ಟರಲ್ಲಿ ಹೊರಗಿಂದ ಯಾರೋ 'ಪ್ಯಾಂಟ್ ಆಯ್ತೇನ್ರೀ?' ಎಂದು ಕೂಗಿದರು. ನಮ್ಮವರು ಕೂತಲ್ಲಿಂದಲೇ, 'ಸಂಜೆ ಬನ್ನಿ' ಎಂದರು. ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಾನು ಅಡುಗೆಮನೆಯಿಂದ ಹೊರಗೆ ಬಂದು, ಹಾಗೆ ಹೇಳಿದ್ದು ಇವರೇನಾ ಎಂದು ನೋಡಿದೆ. ಸುಳ್ಳೇಕೆ, ಆವತ್ತು ನನಗೆ ಹಬ್ಬಕ್ಕಿಂತ ಹೆಚ್ಚು ಸಂತೋಷವಾಯಿತು.

ಆ ಸಂತೋಷ ಮಾವನವರ ತಿಥಿಯವರೆಗೆ ಬಾಳಿತು.

ನಮ್ಮ ಕಡೆ ತಂದೆಯ ಮನೆ, ತಂದೆಯ ಪೂಜೆ ಎರಡೂ ಕಿರಿಯ ಮಗನ ಪಾಲಿಗೆ. 'ಇದ್ದರೆ ಕಿರಿಯ ಉಂಡಾನು, ಇಲ್ಲದಿದ್ದರೆ ಕಿರಿಯ ಹೊತ್ತಾನು' ಎಂಬ ಗಾದೆಯೇ ಇದೆ. ನಾವು ಹೊರುವವರು. ತಿಥಿಗೆ ಎಲ್ಲರೂ ಇಲ್ಲಿಗೇ ಬರುತ್ತಾರೆ. ಎಲ್ಲರಿಗಿಂತ ಮುಂದೆ ಹಿರಿಯ ಭಾವ ಕಿಯೆತ್. ಮಾವ ತೀರಿಕೊಂಡಾಗ ನಮ್ಮವರು ಇನ್ನೂ ಚಿಕ್ಕವರು. ಭಾವ ಶಾಲೆ ಬಿಟ್ಟು ಸಿಮೆಂಟು ಮೂಟೆ ಹೊತ್ತು ತಮ್ಮನನ್ನು ಸಾಕಿದರು. ಅವರ ಮನಸ್ಸು ಬೆಣ್ಣೆ, ಗಂಟಲು ಮಾತ್ರ ಕಹಳೆ. ಹಾಡುವ ಹುಚ್ಚು. ಎಲ್ಲಿಗೆ ಹೋದರೂ ಮೈಕಿನ ಪೆಟ್ಟಿಗೆ ಜೊತೆಗೇ ಹೋಗುತ್ತದೆ. ಹೋದ ವರ್ಷ ನಮ್ಮ ಟೀವಿಯ ಸ್ಪೀಕರು ಹರಿದದ್ದು ಅವರ ಹಾಡಿಗೇ.

"ರೀ, ಆಂಪ್ಲಿಫೈಯರನ್ನ ಎದುರಿನ ಕಾಫಿ ಅಂಗಡಿಯಲ್ಲಿ ಒಂದು ದಿನ ಬಚ್ಚಿಟ್ಟು ಬರ್ತೀನಿ," ಎಂದೆ.

"ಅಣ್ಣನಿಂದ ಬಚ್ಚಿಡೋದಾ? ಯಾರಾದ್ರೂ ಹೇಳಿಬಿಟ್ರೆ ಮುಖ ಎಲ್ಲಿ ಇಟ್ಕೊಳ್ಲಿ?"

"ಹಾಗಾದ್ರೆ ಮುಟ್ಟಬೇಡ ಅನ್ನಿ."

ಅವರು ಎದ್ದು ಹೋಗಿ ಮಿಷನ್ನಿನ ಮುಂದೆ ಕೂತರು. ತಿಥಿಯ ಹಿಂದಿನ ದಿನ ಮಾತ್ರ ಮುಖ ಅರಳಿಸಿಕೊಂಡು ಬಂದರು. "ಅಪ್ಪನ ಮುಂದೆ ಎಡೆಗೆ ಇಟ್ಟುಬಿಡೋಣ ಲಾಯ್! ಅಪ್ಪನಿಗೂ ಹಾಡು ಅಂದ್ರೆ ಪ್ರಾಣ ಇತ್ತು. ಎಡೆಗಿಟ್ಟಿದ್ದನ್ನ ಅಣ್ಣ ಮುಟ್ತಾನಾ?" ಜೀವನದಲ್ಲಿ ಮೊದಲ ಸಲ ಒಂದು ಉಪಾಯ ಹೂಡಿದ್ದರು ಪುಣ್ಯಾತ್ಮರು. ಆ ಹೆಮ್ಮೆ ನೋಡಿ ನಾನೂ ಹೂಂ ಎಂದೆ.

ಬೆಳಗ್ಗೆ ಹಂದಿಮಾಂಸದ ಸಾರು, ಹಾಗಲಕಾಯಿ ಗೊಜ್ಜು, ಅಂಟಕ್ಕಿ ಅನ್ನ, ಬಾಳೆಹಣ್ಣಿನ ಚಿಪ್ಪಿನ ನಡುವೆ ಆ ಆಂಪ್ಲಿಫೈಯರ್ ಕೂತಿತು. ಭಾವ ಬಂದವರೇ ಊದುಕಡ್ಡಿ ಹಚ್ಚಿದರು. ಕೈಮುಗಿಯುವಾಗ ಕಣ್ಣಿಗೆ ಬಿತ್ತು.

"ಇದೇನೋ ತಮ್ಮಾ?"

"ಅಪ್ಪನಿಗೆ ಅಂತ ಇಟ್ಟಿದ್ದೀನಿ ಅಣ್ಣ. ಹಾಡು ಕೇಳ್ಲಿ ಅಂತ."

ಭಾವನ ಕಣ್ಣು ತುಂಬಿತು. ಅದರ ತಲೆ ಮುಟ್ಟಿ ಇನ್ನೊಮ್ಮೆ ಕೈಮುಗಿದು, "ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ ನೋಡು, ನಿನಗೆ ಹೊಳೀತು," ಎಂದರು. ನಮ್ಮವರು ನನ್ನ ಕಡೆ ನೋಡಿ, ಗೆದ್ದೆ ಎನ್ನುವ ಹಾಗೆ ಹುಬ್ಬು ಹಾರಿಸಿದರು.

ಊದುಕಡ್ಡಿ ಉರಿದು ಬೂದಿಯಾಯಿತು. ಇನ್ನು ಎಡೆ ಇಳಿಸಿ ಬಡಿಸಬೇಕು. ನಾನು ಸಾರಿನ ಬಟ್ಟಲಿಗೆ ಕೈ ಹಾಕಿದೆ. ಭಾವ ಬಿಯರಿನ ಲೋಟ ಹಿಡಿದುಕೊಂಡು ಎದ್ದರು.

"ಕಡ್ಡಿ ಮುಗೀತು, ಅಪ್ಪ ಉಂಡಾಯ್ತು. ಇನ್ನು ಉಣ್ಣೋದು ಮಕ್ಕಳು!"

ಎಂದವರೇ ಲೋಟ ಕೆಳಗಿಟ್ಟು ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಇಳಿಸಿದರು. ನೆಂಟರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಅಯ್ಯೋ ದೇವರೇ, ನಮ್ಮಿಬ್ಬರಿಗೂ ಇದು ಹೊಳೆದೇ ಇರಲಿಲ್ಲವಲ್ಲ! ಎಡೆಯಿಂದ ಇಳಿದದ್ದು ಎಲ್ಲರ ಪಾಲು. ಅದನ್ನು ನನ್ನದು ಎನ್ನುವವನು ಮಗನೇ ಅಲ್ಲ. ನಮ್ಮವರಿಗೆ ಬಿಸಿ ತುತ್ತು ಬಾಯಿಗಿಟ್ಟವರ ಹಾಗಾಗಿತ್ತು; ಉಗುಳಲೂ ಆಗದು, ನುಂಗಲೂ ಆಗದು.

ನಾನೇ ಹೇಳಿದೆ: "ಭಾವ, ಅದು ಹಳೇದು. ತಡೆಯಲ್ಲ."

"ಹಳೇದು ಅಂದ್ರೆ ಗಟ್ಟಿ ಕಣಮ್ಮ. ನನ್ನನ್ನೇ ನೋಡು!" ಎಂದು ನಕ್ಕು, "ಲೋ ತಮ್ಮಾ, ವೈರು ನೀನೇ ಹಾಕೋ. ನನಗೆ ಇದರ ಮರ್ಮ ಗೊತ್ತಿಲ್ಲ," ಎಂದರು.

ನಮ್ಮವರು ತಮ್ಮ ಕೈಯಾರೆ ವೈರು ಹಾಕಿದರು. ಭಾವ ತಂದಿದ್ದ ದೊಡ್ಡ ಸ್ಪೀಕರುಗಳನ್ನೂ ಸೇರಿಸಿ ಹಾಕಿದರು. ಮೈಕಿನಲ್ಲಿ ಭಾವನ ಹಾಡು ಶುರುವಾಯಿತು. ಭಾವ ಗುಂಡಿ ತಿರುಗಿಸುತ್ತ ಹೋದರು. ನೀಲಿ ಕಿಟಕಿಯ ಮುಳ್ಳುಗಳು ಬಲಕ್ಕೆ ಹೋಗಿ ಅಂಟಿಕೊಂಡವು. ಸುಟ್ಟ ವಾಸನೆ ಮೊದಲು ಬಡಿದದ್ದು ನಮ್ಮವರ ಮೂಗಿಗೆ. "ಸ್ವಲ್ಪ ಕಮ್ಮಿ ಮಾಡೋಣ ಅಣ್ಣ," ಎಂದರು. ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಪಕ್ಕದಲ್ಲಿದ್ದ ನನಗೂ ತುಟಿ ಆಡಿದ್ದಷ್ಟೇ ಕಂಡಿತು. ಎದ್ದು ಹೋಗಿ ವೈರು ಕೀಳಬಹುದಿತ್ತಲ್ಲ ಎನ್ನುತ್ತೀರಿ. ಸಾಕಿದ ಅಣ್ಣ ಅಪ್ಪನ ಪಟದ ಮುಂದೆ ಕಣ್ಣು ಮುಚ್ಚಿ ಹಾಡುತ್ತಿರುವಾಗ ನೀವು ಕೀಳುತ್ತಿದ್ದಿರಾ?

ಠಪ್ಪೆಂದಿತು. ಹೊಗೆ ಬಂತು. ನೀಲಿ ದೀಪ ಆರಿಹೋಯಿತು.

"ಥತ್, ನಿನಗೆ ಯಾರೋ ಟೋಪಿ ಹಾಕಿದಾರೆ ಕಣೋ," ಎಂದರು ಭಾವ, ನಿಜವಾಗಿ ನೊಂದುಕೊಂಡು.

"ಹೌದಣ್ಣ," ಎಂದರು ನಮ್ಮವರು. "ಹಳೇ ಸಾಮಾನು."

ನಾನು ಸೌಟನ್ನು ಪಾತ್ರೆಗೆ ಕುಕ್ಕಿದೆ. ಆದರೂ ಎಲ್ಲರಿಗೂ ಅನ್ನ ಬಡಿಸಿದೆ.

ಅದನ್ನು ಮತ್ತೆ ಪೇಟೆಗೆ ಹೊತ್ತುಕೊಂಡು ಹೋದೆವು. ಬರಬೇಡಿ ಎಂದಿದ್ದ ನ್ಯಾನ್ ಮುಚ್ಚಳ ತೆಗೆದು, ಕರಕಲಾದ ಚಿಪ್ಪನ್ನು ನಮಗೂ ತೋರಿಸಿ ಮುಚ್ಚಿದ. ಅಂಗಡಿ ಅಂಗಡಿ ಅಲೆದರೂ ಆ ಚಿಪ್ಪು ಸಿಗಲಿಲ್ಲ. ಬೇರೆಯದನ್ನು ಕೂರಿಸಬಹುದು, ಆದರೆ ಆ ದನಿ ಬಾರದು ಎಂದರು. ನಮ್ಮವರು ಅದನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ಮಧ್ಯಾಹ್ನ ಮತ್ತೆ ಮಿಷನ್ನಿನ ಮುಂದೆ ಕೂರತೊಡಗಿದರು.

ಭಾವ ಮಾತ್ರ ಮರೆಯಲಿಲ್ಲ. ತಮ್ಮನ ಸಾಮಾನು ತನ್ನ ಕೈಯಲ್ಲಿ ಹಾಳಾಯಿತು ಎಂದು ಅವರಿಗೆ ನಿದ್ದೆ ಬರಲಿಲ್ಲವಂತೆ. ಒಂದು ಸಂಜೆ ಲಾರಿಯಲ್ಲಿ ನನ್ನೆತ್ತರದ ಪೆಟ್ಟಿಗೆಯೊಂದು ಬಂದಿಳಿಯಿತು. ಹೊಚ್ಚ ಹೊಸದು. ಕೆಳಗೆ ಚಕ್ರ, ಮುಂದೆ ಬಣ್ಣಬಣ್ಣದ ದೀಪ, ಎರಡು ಮೈಕು. ಗಲ್ಲಿಯ ಮಂದಿಯೆಲ್ಲ ಬಾಗಿಲಲ್ಲಿ ನೆರೆದರು. ಬೆನ್ನಿಗೇ ಭಾವನ ಫೋನು.

"ಬಂತೇನೋ ತಮ್ಮಾ? ಇದು ಎಷ್ಟು ಕೂಗಿದರೂ ಸುಡಲ್ಲ! ಫೋನು ಹತ್ತಿರ ಇಡು. ಅಪ್ಪ ಹಾಡ್ತಿದ್ದರಲ್ಲ, ದೋಣಿ ಹಾಡು, ಅದನ್ನ ಹಾಡು."

ನನ್ನ ಗಂಡ ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ಬರುವುದೂ ಇಲ್ಲ. ಬೇಡ ಎನ್ನಿ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ಮೈಕು ಹಿಡಿದರು. ಶ್ರುತಿ ಇಲ್ಲ, ತಾಳ ಇಲ್ಲ, ದನಿ ಗೋಡೆಗೆ ಬಡಿದು ಗಲ್ಲಿಯ ಆ ಕೊನೆಗೆ ಹೋಗುತ್ತಿತ್ತು. ಜನ ಶಿಳ್ಳೆ ಹಾಕಿದರು. ಹಾಡು ಮುಗಿಸಿದಾಗ ಹಣೆಯೆಲ್ಲ ಬೆವರು. ಕಿತ್ತುಕೊಂಡು ನಾಲ್ಕು ಮಾತು ಕೇಳಿಯೇಬಿಡುತ್ತೇನೆ ಎಂದು ನಾನು ಫೋನಿಗೆ ಕೈ ಚಾಚಿದೆ. ಆ ಕಡೆಯಿಂದ ಭಾವ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

"ಥೇಟ್ ಅಪ್ಪನ ದನಿ ಕಣೋ ನಿಂದು. ಇಷ್ಟು ವರ್ಷ ಯಾಕೋ ಹಾಡಲಿಲ್ಲ? ದಿನಾ ಸಂಜೆ ಫೋನು ಮಾಡ್ತೀನಿ, ಹಾಡ್ತೀಯಾ?"

ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಯಾರನ್ನು ಬೈಯಲಿ? ನಮ್ಮವರು ಬೆವರು ಒರೆಸಿಕೊಂಡು, ನಾಳೆ ಯಾವ ಹಾಡು ಅಣ್ಣ ಎಂದು ಕೇಳಿದರು.