ಶಾಯಿ ಹಚ್ಚುವವಳ ಬೆರಳು

ಹಿಂದಿನ ಲೋಕಸಭಾ ಚುನಾವಣೆಯಲ್ಲಿ ನಮ್ಮ ಎದುರು ಮನೆಯ ಗಿರಿಜಾ ಬೆಳಗಿನಿಂದ ಸಂಜೆಯವರೆಗೆ ಕೂತು ನೂರಾರು ಜನರ ಬೆರಳಿಗೆ ಶಾಯಿ ಹಚ್ಚಿದಳು. ಮನೆಗೆ ಬಂದಾಗ ಬಲಗೈ ತುಂಬ ಕಪ್ಪು ಕಲೆ. ಎಡಗೈಯ ತೋರುಬೆರಳು ಮಾತ್ರ ಸ್ವಚ್ಛ!

ಯಾಕೆ ಗೊತ್ತೇ? ಅವಳಿಗೆ ವೋಟೇ ಇರಲಿಲ್ಲ.

ಗಿರಿಜಾ ಸರ್ಕಾರಿ ಶಾಲೆಯ ಟೀಚರ್. ವಯಸ್ಸು ಮೂವತ್ತು ದಾಟಿದೆ, ಮದುವೆ ಆಗಿಲ್ಲ. ವೋಟಿಲ್ಲದ ಸಂಗತಿ ನನಗೆ ಗೊತ್ತಾದದ್ದು ಮೊನ್ನೆ ಚಳಿಗಾಲದಲ್ಲಿ. ನಮ್ಮ ಕುಂಬಾರಕೊಪ್ಪಲಿನ ಬೀದಿಯಲ್ಲಿ ಆಟೋವೊಂದು ಮೈಕ್ ಕಟ್ಟಿಕೊಂಡು, ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಕೂಗುತ್ತಾ ಹೋಯಿತು. ಇಬ್ಬರೂ ಸೊಪ್ಪಿನವಳ ಹತ್ತಿರ ನಿಂತಿದ್ದೆವು. ಮಾತಿಗೆ ಕೇಳಿದೆ, "ನಿಂದೆಲ್ಲ ಸರಿಯಾಗಿದ್ಯಾ ಗಿರಿಜಾ?"

"ನಂದು ಇಲ್ವೇ ಇಲ್ಲ ಆಂಟಿ" ಅಂದಳು, ದಂಟಿನ ಸೊಪ್ಪು ಆರಿಸುತ್ತಾ.

"ಮತ್ತೆ ಹೋದ್ಸಲ ಡ್ಯೂಟಿ ಮಾಡ್ದೆ?"

"ಡ್ಯೂಟಿಗೆ ವೋಟು ಬೇಕಿಲ್ವಲ್ಲ. ನಿಮ್ಮ ವೋಟು ಎಲ್ಲಿದೆ ಅಂತ ಒಂದು ಫಾರಂನಲ್ಲಿ ಕೇಳಿದ್ರು. ಖಾಲಿ ಬಿಟ್ಟೆ."

ದೇಶಕ್ಕೆಲ್ಲ ಚುನಾವಣೆಯ ಶಾಯಿ ಹೋಗುವುದು ನಮ್ಮೂರಿಂದ. ಆ ಊರಿನ ಹುಡುಗಿ, ಆ ಬಾಟಲಿಯನ್ನು ಕೈಯಲ್ಲೇ ಹಿಡಿದು ಕೂತವಳು, ಅವಳಿಗೇ ಒಂದು ಗೆರೆ ಇಲ್ಲ! ನನಗೆ ರೇಗಿತು. (ನನಗೆ ರೇಗುವುದು ಹೊಸದೇನಲ್ಲ, ನಿಮಗೆ ಗೊತ್ತು.)

ಆದದ್ದು ಇಷ್ಟು. ಅವಳಿಗೆ ಹದಿನೆಂಟು ತುಂಬಿದ ಹೊಸತರಲ್ಲಿ ಪಟ್ಟಿ ಬರೆಯಲು ಮೇಷ್ಟ್ರೊಬ್ಬರು ಮನೆಗೆ ಬಂದರು. ಅವಳ ತಂದೆ ಮಹದೇವಪ್ಪನವರು ಮನೆಯವರ ಹೆಸರೆಲ್ಲ ಹೇಳಿ, "ಮಗಳದ್ ಬೇಡ ಬುಡಿ ಮೇಷ್ಟ್ರೇ. ಈ ವರ್ಷ ಮದುವೆ ಮಾಡ್ಬುಡ್ತೀವಿ. ಅಲ್ಲೇ ಸೇರುಸ್ಕೋತಾರೆ" ಅಂದರು. ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲವೂ ಅದೇ. ಬಂದ ಮೇಷ್ಟ್ರುಗಳು ಬೇರೆ, ಕೊಟ್ಟ ಕಾಫಿ ಒಂದೇ. ನಡುವೆ ಅವಳ ತಮ್ಮನಿಗೂ ಹದಿನೆಂಟಾಯಿತು. ಅವನ ಹೆಸರು ಕೇಳುವ ಮೊದಲೇ ಪಟ್ಟಿ ಸೇರಿತು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ. ಇಲ್ಲಿ ಕೊಡುವ ಮೊದಲೇ ಹೊರಗು!

ಮಹದೇವಪ್ಪನವರು ಕೆಟ್ಟವರಲ್ಲ. ಮಗಳನ್ನು ಓದಿಸಿದವರು, ಕೆಲಸಕ್ಕೆ ಕಳಿಸಿದವರು. ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಅಗ್ರಹಾರದ ತಮ್ಮ ಕಾಯಿ ಅಂಗಡಿಗೆ ಹೊರಟರೆ ಒಬ್ಬರಿಗೂ ಗಟ್ಟಿ ಮಾತಾಡದವರು. ಅದೇ ನನ್ನ ತಕರಾರು. ಕೆಟ್ಟವರು ಮಾಡಿದ್ದನ್ನು ಕೂಗಾಡಿ ಸರಿ ಮಾಡಬಹುದು. ಒಳ್ಳೆಯವರು ಕಾಫಿ ಕೊಟ್ಟು ಮಾಡಿದ್ದನ್ನು ಏನು ಮಾಡುವುದು?

ಸಂಜೆ ಅವರ ಮನೆಗೆ ಹೋದೆ. ಫಾರಂ ಆರು ತುಂಬಿ, ಫೋಟೋ ಅಂಟಿಸಿ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ವಿಳಾಸಕ್ಕೆ ರೇಷನ್ ಕಾರ್ಡು ಲಗತ್ತಿಸಿದರೆ ಆಯಿತು, ಇಷ್ಟೇ ಎಂದು ವಿವರಿಸಿದೆ. ಗಿರಿಜಾಳ ತಾಯಿ ಶಿವಮ್ಮನವರು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

"ಬೇಡ ಅಂತಲ್ಲ ಕಣ್ರೀ ಲಲಿತಮ್ಮ. ಇಲ್ಲೇ ಬರೆಸ್ಬುಟ್ರೆ ಎಲ್ಲಿ ಇಲ್ಲೇ ಉಳ್ಕೊಂಬುಡ್ತಾಳೋ ಅಂತ ಜೀವ ಹೊಡ್ಕೊಳ್ತದೆ."

ನಾನು ಭಾಷಣಕ್ಕೆ ತಯಾರಾಗಿ ಹೋಗಿದ್ದೆ. ಒಬ್ಬ ತಾಯಿಯ ಹೆದರಿಕೆಗೆ ಪ್ರಜಾಪ್ರಭುತ್ವದ ಪಾಠ ಹೇಳುವುದು ಹೇಗೆ? ಅಯ್ಯೋ ಅನ್ನಿಸಿತು. ಆದರೆ ಆ ಹೆದರಿಕೆಯ ಲೆಕ್ಕದಲ್ಲಿ ಗಿರಿಜಾ ಇಷ್ಟು ವರ್ಷ ಎಲ್ಲಿದ್ದಳು? ಬರಬೇಕಾದ ಗಂಡನ ಮನೆ ಬಂದಿಲ್ಲ. ಇರುವ ಮನೆ ಅವಳದ್ದಲ್ಲ. ಸಂಬಳ ತರುತ್ತಾಳೆ, ಅಪ್ಪನ ಬಿಪಿ ಮಾತ್ರೆ ತರುತ್ತಾಳೆ, ನೀರಿನ ಬಿಲ್ಲು ಕಟ್ಟುತ್ತಾಳೆ. ಆದರೂ ಬಸ್ ಸ್ಟ್ಯಾಂಡಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತವಳು.

ಹಜಾರಕ್ಕೆ ಮರಳಿದಾಗ ಗಿರಿಜಾಳೇ ಮಾತಾಡುತ್ತಿದ್ದಳು. ದನಿ ಏರಿಸಿರಲಿಲ್ಲ.

"ಅಪ್ಪಾಜಿ, ಹೋದ್ಸಲ ಒಂದ್ ಅಜ್ಜಿ ಬಂದಿತ್ತು. ಕಣ್ಣು ಕಾಣಲ್ಲ, ಮೊಮ್ಮಗಳ ಕೈ ಹಿಡ್ಕೊಂಡು ಬಂತು. ಶಾಯಿ ಹಚ್ಚಿದ್ಮೇಲೆ, ನೀನು ಹಾಕ್ದೇನವ್ವ ಅಂತ ಕೇಳ್ತು. ಹೂಂ ಅಂದ್ಬುಟ್ಟೆ. ಸುಳ್ಳು ಹೇಳ್ದೆ ಅಪ್ಪಾಜಿ."

ಮಹದೇವಪ್ಪನವರು ಕೇಳಿದರು, "ನಾಳೆ ಮದುವೆ ಆದ್ರೆ ಅಲ್ಲಿಗೆ ಬದಲಾಯಿಸಕ್ಕೆ ಆಯ್ತದಾ?"

"ಆಯ್ತದೆ. ಅಲ್ಲಿ ಇನ್ನೊಂದು ಅರ್ಜಿ ಕೊಟ್ರೆ ಇಲ್ಲಿದ್ದನ್ನ ತೆಗೀತಾರೆ. ಅಷ್ಟೆಯ" ಅಂದಳು ಗಿರಿಜಾ.

"ಅಷ್ಟೆಯಾ?" ಎಂದು ಎದ್ದು ಹೋಗಿ ಬೀರುವಿನಿಂದ ರೇಷನ್ ಕಾರ್ಡು ತಂದುಕೊಟ್ಟರು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೇಳದೆ ಉಳಿದಿದ್ದ ಪ್ರಶ್ನೆ ಅದೊಂದೇ. (ಓದುಗರೇ, ನಿಮಗೂ ಆ ಅನುಮಾನ ಇದ್ದರೆ ಉತ್ತರ ಅದೇ: ಆಗುತ್ತದೆ. ಆದರೆ ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ.)

ಅರ್ಜಿ ಕೊಟ್ಟಳು. ವಿಚಾರಣೆಗೆ ಬಂದವರಿಗೆ ಶಿವಮ್ಮನವರೇ ಕಾಫಿ ಕೊಟ್ಟರು. ಹೆಸರು ಬಂತು, ಚುನಾವಣೆಯೂ ಬಂತು, ಗಿರಿಜಾಗೆ ಮತ್ತೆ ಡ್ಯೂಟಿಯೂ ಬಿತ್ತು. ಬೂತು ನಮ್ಮ ಬೀದಿಯ ಹತ್ತಿರವಲ್ಲ, ಊರಿನ ಇನ್ನೊಂದು ಬದಿಯ ದಟ್ಟಗಳ್ಳಿಯಲ್ಲಿ. ಹಾಗಾದರೆ ಅವಳ ವೋಟು? ಅದೇ ಲೋಕಸಭಾ ಕ್ಷೇತ್ರದೊಳಗೆ ಡ್ಯೂಟಿ ಇರುವವರು ಮೊದಲೇ ಅರ್ಜಿ ಹಾಕಿ ಒಂದು ಪ್ರಮಾಣಪತ್ರ ಪಡೆದರೆ, ತಾವು ಕೂತ ಬೂತಿನಲ್ಲೇ ವೋಟು ಹಾಕಬಹುದು. ಪಡೆದಿದ್ದಳು. ಮಧ್ಯಾಹ್ನ ಜನ ಕಡಿಮೆಯಾದಾಗ ಶಾಯಿ ಬಾಟಲಿಯನ್ನು ಪಕ್ಕದ ಮೇಷ್ಟ್ರ ಕೈಗೆ ಕೊಟ್ಟು, ಎದ್ದು ಈಚೆ ಬಂದು, ತನ್ನದೇ ಟೇಬಲ್ಲಿನ ಮುಂದೆ ನಿಂತು ಎಡಗೈ ಚಾಚಿದಳಂತೆ. ಹೇಳುವಾಗ ಅವಳ ಕಣ್ಣು ತುಂಬಿತು. ನನ್ನದೂ.

ಕಳೆದ ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮಾತು ಮುಗಿದ ಮೇಲೆ ಊಟಕ್ಕೆ ಜೊತೆಗಿರಲಿ ಎಂದು ನನಗೂ ಕರೆ ಬಂದಿತ್ತು. ಗಿರಿಜಾ ಬಡಿಸುವಾಗ ಹುಡುಗನ ತಾಯಿಯ ಕಣ್ಣು ಅವಳ ಎಡಗೈ ಉಗುರಿನ ಶಾಯಿಯ ಮೇಲೆ ಬಿತ್ತು.

"ಓ, ವೋಟು ಇಲ್ಲೇ ಮಾಡುಸ್ಬುಟ್ಟಿದ್ದೀರಾ?" ಅಂದರು. "ಇವತ್ತೋ ನಾಳೆಯೋ ಹೋಗೋ ಹುಡುಗಿ..."

ಶಿವಮ್ಮನವರು ಗಂಡನ ಮುಖ ನೋಡಿದರು. ನಾನೂ ನೋಡಿದೆ.

ಮಹದೇವಪ್ಪನವರು ಎಲೆಯ ಮೇಲೆ ಪಾಯಸ ಹಾಕಿಸಿಕೊಳ್ಳುತ್ತಾ ಹೇಳಿದರು, "ಹೋದಾಗ ಹೋಯ್ತಾಳೆ ಕಣ್ರಮ್ಮ. ಇವತ್ತು ಇರೋದು ಇಲ್ಲೇ ಅಲ್ವಾ?"

ನಿಮ್ಮ ಮನೆಯ ಹುಡುಗಿ ಇವತ್ತು ಎಲ್ಲಿದ್ದಾಳೆ?