ತಾವಿರಿಯ ಬಲ ಹೆಗಲು

ತಾವಿರಿಯ ಅಜ್ಜ ರುವಾನೂಯಿ ಈಗಿನ ರಾಣಿಯ ಅಜ್ಜನನ್ನು ಬಲ ಹೆಗಲ ಮೇಲೆ ಕೂರಿಸಿಕೊಂಡು ದ್ವೀಪ ಸುತ್ತಿದವನು. ಅರಸರ ಪಾದ ಸೋಕಿದ ನೆಲ ಅರಸರದೇ ಆಗುತ್ತಿದ್ದ ಕಾಲ ಅದು. ಬಡವರ ತೋಟ ಬಡವರಿಗೇ ಉಳಿಯಬೇಕಾದರೆ ಹೊರುವವನ ಕಾಲು ಗಟ್ಟಿಯಿರಬೇಕಿತ್ತು. ಅಪ್ಪ ಫಾರೇರೆ ಬಿರುಗಾಳಿಯಲ್ಲಿ ಕಣಿವೆ ದಾಟುವಾಗ ಹಿಮ್ಮಡಿ ಸೀಳಿದರೂ ರಾಣಿಯ ತಾಯಿಯನ್ನು ಕೆಳಗಿಳಿಸಲಿಲ್ಲ. ಅಲ್ಲಿನ ಕೆಸುವಿನ ಗದ್ದೆಗಳ ಫಲ ಉಂಡವರು ಆ ಹಿಮ್ಮಡಿಯನ್ನು ಮರೆತಿಲ್ಲ.

ತಾವಿರಿಯ ಪಾಲಿಗೆ ಬಂದದ್ದು ಬರೀ ಹೆಗಲು. ಅವನಿಗೆ ಮೀಸೆ ಚಿಗುರುವ ಹೊತ್ತಿಗೆ ಫರಂಗಿಯವರ ಬಾವುಟ ಏರಿತ್ತು. ರಾಣಿಗೆ ಬೂಟು ಬಂತು, ಕುದುರೆಗಾಡಿ ಬಂತು. ಅವಳು ಪಾದ ಎಲ್ಲಿ ಊರಿದರೂ ನೆಲದ ಒಡೆತನ ಗವರ್ನರನ ಬಾಯಲ್ಲಿತ್ತು. ಆದರೂ ತಾವಿರಿ ಬಲ ಹೆಗಲ ಮೇಲೆ ಒಂದು ಬಾಳೆಗೊನೆಯನ್ನೂ ಇಡಲಿಲ್ಲ. ಹೊರೆಯೆಲ್ಲ ಎಡಕ್ಕೇ. ವರ್ಷ ಕಳೆದಂತೆ ಮೈ ಒಂದು ಕಡೆಗೆ ವಾಲಿಹೋಯಿತು. ಅರ್ಧ ಗಂಡನ್ನ ಕಟ್ಟಿಕೊಂಡೆ, ಇನ್ನರ್ಧ ಅರಮನೆಗೆ ಮೀಸಲು ಎಂದು ಹೆಂಡತಿ ಮೋಯೆರಾ ದೀವಿಹಲಸು ಸುಡುತ್ತ ಹಂಗಿಸುವಳು. ಅವನು ನಕ್ಕು ಎಡ ಹೆಗಲಿಗೇ ಇನ್ನೊಂದು ಹೊರೆ ಏರಿಸುವನು. ಕರೆ ಬಂದೀತೆಂಬ ನಂಬಿಕೆ ಅವನಲ್ಲೂ ಸವೆದಿತ್ತು. ಹೆಗಲನ್ನು ಮೈಲಿಗೆ ಮಾಡಲು ಮಾತ್ರ ಮನಸ್ಸು ಒಪ್ಪಲಿಲ್ಲ.

ತಲೆ ನರೆತ ಮೇಲೆ ಕರೆ ಬಂತು. ಗವರ್ನರನ ಹಬ್ಬಕ್ಕೆ ಹೊರಟ ರಾಣಿಯ ದೋಣಿ, ನೀರು ಇಳಿದು, ದಡಕ್ಕೆ ದೂರದಲ್ಲೇ ಕೆಸರಿನಲ್ಲಿ ಕೂತುಬಿಟ್ಟಿತು. ಫರಂಗಿ ನಾವಿಕರು ಅವಳನ್ನು ಕರೆತರಲು ಗವರ್ನರನ ಕುರ್ಚಿ ಹೊತ್ತು ನೀರಿಗಿಳಿದರು. ದಡದ ಜನರ ನಡುವೆ ತಾವಿರಿಯೂ ನಿಂತಿದ್ದ. ಆ ಕುರ್ಚಿಯಲ್ಲಿ ಕೂತು ಬಂದರೆ ರಾಣಿ ಅವರು ಹೊತ್ತು ತಂದ ಗೊಂಬೆ. ನಡೆದು ಬಂದರೆ ಕೆಸರು ತುಳಿದ ಬಡಪಾಯಿ ಹೆಂಗಸು. ರಾಣಿ ಎರಡನ್ನೂ ಒಲ್ಲದೆ, ಫಾರೇರೆಯ ಮಗ ಬಂದಿದ್ದಾನೆಯೇ ಎಂದು ಆಳಿನಿಂದ ದಡಕ್ಕೆ ಕೂಗಿಸಿ ಕೇಳಿದಳು.

ತಾವಿರಿ ನೀರಿಗಿಳಿದು ಬಲ ಹೆಗಲು ಕೊಟ್ಟ. ರಾಣಿಯೂ ಈಗ ಹೂವಿನಂಥ ಹುಡುಗಿಯಲ್ಲ. ನಡುದಾರಿಯಲ್ಲಿ ಕೆಸರು ಮೊಣಕಾಲನ್ನು ನುಂಗಿತು, ಅವನು ತೂರಾಡಿದ. ಬಿದ್ದರೆ ಇಡೀ ದ್ವೀಪದ ಮಾನ ಫರಂಗಿಯವರ ಕಣ್ಣೆದುರೇ ಕೆಸರಿನ ಪಾಲು. ಒಬ್ಬ ನಾವಿಕ ಧಾವಿಸಿ ಬಂದು ಕೈ ಚಾಚಿದ.

ರಾಣಿ ಬಗ್ಗಿ ತನ್ನನ್ನು ಹೊತ್ತವನ ಕಿವಿಯಲ್ಲಿ, "ಹಿಡ್ಕೊಳ್ಳೋ ತಾವಿರಿ. ನಾನೂ ಅವರ ಕೈ ಹಿಡಿದೇ ಇಷ್ಟು ದಿನ ಬದುಕಿದ್ದೀನಿ," ಎಂದಳು.

ತಾವಿರಿ ಆ ಕೈ ಹಿಡಿಯದೆ, ಹಲ್ಲು ಕಚ್ಚಿ ಕೆಸರಿನಿಂದ ಕಾಲು ಎಳೆದುಕೊಂಡ. ಮುಂದಿನ ಹೆಜ್ಜೆಯ ಕೆಳಗೆ ಗಟ್ಟಿ ಮರಳು ಸಿಕ್ಕಮೇಲೆಯೇ ಬಾಯಿ ಬಿಟ್ಟ.

"ನೀವು ದ್ವೀಪ ಉಳಿಸಬೇಕಿತ್ತು, ಹಿಡಿದ್ರಿ ತಾಯಿ. ನಂಗಿರೋದು ಇದೊಂದು ಹೆಗಲು. ಇದಕ್ಕೆ ಅವರ ಕೈ ಬೇಡ ಅನ್ನಿ."